ತಪ್ಪು ಉತ್ತರದೊಳಗಿನ ಲೆಕ್ಕ: ದೇವದುರ್ಗ–ಮಾನ್ವಿ ಸೀಮೆಯಲ್ಲಿ ಗಣಿತ ಮತ್ತು ಶಿಕ್ಷಕರ ತರಬೇತಿ

52ರಲ್ಲಿ 17 ಕಳೆದರೆ 45 ಎಂದು ಬರೆಯುವ ಮಕ್ಕಳು ದೇವದುರ್ಗದ ಹಳ್ಳಿಗಳಲ್ಲಿ ಸಿಗುತ್ತಾರೆ, ರಾಯಚೂರು ನಗರದಲ್ಲಿ ಸಿಗುತ್ತಾರೆ, ಅಮೆರಿಕದ ಶಾಲೆಗಳಲ್ಲೂ ಸಿಗುತ್ತಾರೆ. ಅಂಥ ಉತ್ತರದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಬೀಳುತ್ತದೆ. ಹುಡುಗನಿಗೆ ಲಕ್ಷ್ಯವಿಲ್ಲ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಆದರೆ ಆ ಹುಡುಗ ಲಕ್ಷ್ಯ ಕೊಟ್ಟೇ ಮಾಡಿರುತ್ತಾನೆ. ಎರಡರಲ್ಲಿ ಏಳು ಹೋಗುವುದಿಲ್ಲ, ಏಳರಲ್ಲಿ ಎರಡು ಹೋಗುತ್ತದೆ; ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಒಂದನೇ ತರಗತಿಯಲ್ಲಿ ಹೇಳಿಕೊಟ್ಟದ್ದು ಅವನಿಗೆ ಚೆನ್ನಾಗಿ ನೆನಪಿದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲಿ ಇಂಥ ತಪ್ಪುಗಳನ್ನು ಜಾಲಾಡಿ ತೋರಿಸಿದ್ದು ಇದನ್ನೇ. ಮಕ್ಕಳ ತಪ್ಪುಗಳಲ್ಲಿ ಬಹುಪಾಲು ಮೈಮರೆವಿನಿಂದ ಆದವಲ್ಲ, ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಆದವು. ಆ ನಿಯಮ ಸರಿಯಿಲ್ಲ, ಅಷ್ಟೆ.

ಮುನ್ನೂರ ಐದನ್ನು 3005 ಎಂದು ಬರೆಯುವ ಮಗು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆದಿದೆ: ಮೊದಲು ಮುನ್ನೂರು, ಅದರ ಪಕ್ಕಕ್ಕೆ ಐದು. ಮೂರನೆಯ ಒಂದಕ್ಕೆ ನಾಲ್ಕನೆಯ ಒಂದನ್ನು ಕೂಡಿಸಿ ಏಳನೆಯ ಎರಡು ಎನ್ನುವ ಐದನೇ ತರಗತಿಯ ಹುಡುಗಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿದ್ದಾಳೆ. ಅಲ್ಲಿಯವರೆಗೆ ಅವಳು ಕಲಿತ ಕೂಡುವ ಲೆಕ್ಕವೆಲ್ಲ ಹಾಗೇ ಇತ್ತು. ನಮ್ಮ ಎಷ್ಟೋ ತರಗತಿಗಳಲ್ಲಿ ಕಳೆಯುವ ಲೆಕ್ಕಕ್ಕೆ "ಪಕ್ಕದ ಮನೆಯಿಂದ ಸಾಲ ತಗೋ" ಎಂದು ಹೇಳಿಕೊಡುವ ರೂಢಿಯಿದೆ. ಪಕ್ಕದ ಮನೆಯಲ್ಲಿ ಒಂದಾಗಿದ್ದುದು ಈ ಮನೆಗೆ ಬಂದೊಡನೆ ಹತ್ತಾಗುವುದು ಹೇಗೆಂದು ಮಗು ಕೇಳುವುದಿಲ್ಲ, ಕೇಳಲು ಅವಕಾಶವೂ ಇರುವುದಿಲ್ಲ. ತಂದ ಸಾಲವನ್ನು ಯಾವಾಗ ತೀರಿಸಬೇಕೆಂದು ಯಾರಾದರೂ ಕೇಳಿದರೆ ಅದು ಜಾಣ ಪ್ರಶ್ನೆಯೇ.

ಮಗು ಹೇಗೆ ಯೋಚಿಸುತ್ತಿದೆ ಎಂಬುದನ್ನು ಓದಬಲ್ಲ ಶಿಕ್ಷಕಿಯೇ ಗಣಿತ ಕಲಿಸಬಲ್ಲಳು ಎಂಬುದು ಈ ಕ್ಷೇತ್ರದ ಅರ್ಧ ಶತಮಾನದ ಸಂಶೋಧನೆ ಮತ್ತೆ ಮತ್ತೆ ಬಂದು ನಿಲ್ಲುವ ಜಾಗ. ನಮ್ಮ ತರಬೇತಿಗಳಾದರೋ ಶಿಕ್ಷಕರಿಗೆ ಸಾಮಗ್ರಿ ಕೊಟ್ಟಿವೆ, ಕೈಪಿಡಿ ಕೊಟ್ಟಿವೆ, ಚಟುವಟಿಕೆಗಳ ಪಟ್ಟಿ ಕೊಟ್ಟಿವೆ. ಮಗುವಿನ ಉತ್ತರವನ್ನು ಮುಂದಿಟ್ಟುಕೊಂಡು ಕೂರುವ ವ್ಯವಧಾನವನ್ನು ಕೊಟ್ಟದ್ದು ಕಡಿಮೆ. ರಾಯಚೂರು ಜಿಲ್ಲೆಯ, ಅದರಲ್ಲೂ ದೇವದುರ್ಗ ಮತ್ತು ಮಾನ್ವಿಯ ಕಡೆಯಿಂದ ಈ ಪ್ರಶ್ನೆಯನ್ನು ನೋಡುವುದಕ್ಕೆ ಕಾರಣವಿದೆ. ಪ್ರಾಥಮಿಕ ಶಿಕ್ಷಣ ಸುಧಾರಣೆಯ ದೊಡ್ಡ ಯೋಜನೆಗಳು ಒಂದಾದ ಮೇಲೊಂದು ಈ ನೆಲದ ಮೇಲೆ ಹಾದು ಹೋಗಿವೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ 59.56, ರಾಜ್ಯದಲ್ಲಿ ಇದಕ್ಕಿಂತ ಕೆಳಗಿದ್ದುದು ಯಾದಗಿರಿ ಮಾತ್ರ. ನೀತಿ ಆಯೋಗ 2018ರಲ್ಲಿ ಆಯ್ದ ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ಕರ್ನಾಟಕದವು ಇವೇ ಎರಡು. ಈ ಹಿಂದುಳಿಯುವಿಕೆಯ ಬೇರು ನಿಜಾಮರ ಕಾಲದವರೆಗೆ ಇಳಿಯುತ್ತದೆ. ಕನ್ನಡ ಮಾತನಾಡುವ ಮಕ್ಕಳಿಗೆ ಉರ್ದು ಮಾಧ್ಯಮದ ಬೆರಳೆಣಿಕೆಯ ಶಾಲೆಗಳಷ್ಟೇ ಇದ್ದ ಸೀಮೆಯಿದು. 1956ರಲ್ಲಿ ಏಕೀಕರಣವಾದಾಗ ಮೈಸೂರಿನ ಕಡೆಯ ಜಿಲ್ಲೆಗಳಿಗಿಂತ ಒಂದೆರಡು ತಲೆಮಾರು ಹಿಂದಿನಿಂದ ಓಟ ಶುರುಮಾಡಬೇಕಾಯಿತು. ಅಜ್ಜ ಶಾಲೆಯ ಮೆಟ್ಟಿಲು ಹತ್ತದ, ಅವ್ವ ಅಕ್ಷರ ಕಾಣದ ಮನೆಯಿಂದ ಬರುವ ಮಗುವಿಗೆ ಮನೆಪಾಠವನ್ನು ತಿದ್ದುವವರು ಇರುವುದಿಲ್ಲ. ಶಾಲೆಯಲ್ಲಿ ಕಲಿತದ್ದಷ್ಟೇ ಅದರ ಕಲಿಕೆ. ಹಾಗಾಗಿ ಬೇರೆಡೆ ಮನೆಯವರು ತುಂಬಿಕೊಡುವ ಕೊರತೆ ಇಲ್ಲಿ ಕೊರತೆಯಾಗಿಯೇ ಉಳಿಯುತ್ತದೆ, ಶಿಕ್ಷಕರ ತರಬೇತಿಯ ಒಳ್ಳೆಯದು ಕೆಟ್ಟದ್ದು ಎರಡೂ ಎದ್ದು ಕಾಣುತ್ತವೆ.

1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ಕರ್ನಾಟಕಕ್ಕೆ ಬಂದಾಗ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರು ಒಂದು. ಬೆಳಗಾವಿ, ಕೋಲಾರ, ಮಂಡ್ಯ ಉಳಿದ ಮೂರು. ಬಿಆರ್‌ಸಿ, ಸಿಆರ್‌ಸಿ ಎಂದು ಇಂದು ಎಲ್ಲರ ಬಾಯಲ್ಲಿರುವ ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಮೂಹ ಸಂಪನ್ಮೂಲ ಕೇಂದ್ರಗಳು ಗಟ್ಟಿಯಾದದ್ದು ಆ ಕಾಲದಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹುಟ್ಟಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ರಾಯಚೂರಿಗೆ ಹತ್ತಿರದ ಯರಮರಸ್‌ನಲ್ಲಿದೆ. 2002ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಸರ್ಕಾರದೊಂದಿಗೆ ಸೇರಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ನಡೆಸಿತು. ಶಾಲೆಗಳೇ ಮುಂದೆ ಬಂದು ತಮ್ಮ ಮಕ್ಕಳನ್ನು ಪರೀಕ್ಷೆಗೆ ಒಡ್ಡಬೇಕಿತ್ತು. ಬಾಯಿಪಾಠದ ಪ್ರಶ್ನೆಗಳ ಬದಲು ಅರ್ಥವಾಗಿದೆಯೇ ಎಂದು ನೋಡುವ ಪ್ರಶ್ನೆಗಳಿದ್ದವು. ಕೃಷ್ಣೆಯ ಆಚೆ ದಡದ ಸುರಪುರ ತಾಲ್ಲೂಕಿನಲ್ಲಿ ಅದೇ ದಶಕದ ಮಧ್ಯದಲ್ಲಿ ಮಕ್ಕಳಸ್ನೇಹಿ ಶಾಲೆಗಳ ದೀರ್ಘ ಪ್ರಯೋಗ ಶುರುವಾಯಿತು. ದೇವದುರ್ಗಕ್ಕೆ ಇದು ನದಿ ದಾಟಿದರೆ ಸಿಗುವ ಊರು.

ಇವುಗಳಲ್ಲಿ ತರಗತಿಯ ರೂಪವನ್ನೇ ಬದಲಿಸಿದ್ದು ನಲಿಕಲಿ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. ಶಿಕ್ಷಕರೇ ಕಾರ್ಡು ಬರೆದರು, ಹಾಡು ಕಟ್ಟಿದರು, ಮೆಟ್ಟಿಲು ಜೋಡಿಸಿದರು. 2009–10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಆಮೇಲೆ ಮೂರಕ್ಕೂ ವಿಸ್ತರಿಸಿತು. ಮಕ್ಕಳು ತಟ್ಟೆಗಳ ಸುತ್ತ ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ, ಮತ್ತೆರಡಕ್ಕೆ ಸಹಪಾಠಿಗಳದು, ಕೊನೆಯದಕ್ಕೆ ಸ್ವಕಲಿಕೆ. ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಏರುತ್ತದೆ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ, ಅಪ್ಪ ಅವ್ವನ ಜೊತೆ ಗುಳೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು ಎಂಬುದು ಈ ಪದ್ಧತಿಯ ಬಹು ದೊಡ್ಡ ಗುಣ. ದೇವದುರ್ಗದಂಥ ತಾಲ್ಲೂಕಿಗೆ ಇದಕ್ಕಿಂತ ಹೊಂದುವ ಯೋಚನೆ ಬೇರೆ ಇರಲಿಕ್ಕಿಲ್ಲ.

ಆದರೆ ಗಣಿತದಲ್ಲಿ ಏಣಿಗೆ ಒಂದು ಅಪಾಯವಿದೆ, ಅದನ್ನು ತೋರಿಸಿಕೊಟ್ಟದ್ದು ದೂರದ ಅಮೆರಿಕದ ಒಂದು ಹಳೆಯ ಅಧ್ಯಯನ. ಸ್ಟ್ಯಾನ್ಲಿ ಎರ್ಲ್‌ವಾಂಗರ್ 1973ರಲ್ಲಿ ಬೆನ್ನಿ ಎಂದು ಹೆಸರಿಟ್ಟ ಹನ್ನೆರಡು ವರ್ಷದ ಹುಡುಗನ ಬಗ್ಗೆ ಬರೆದರು. ಆ ಶಾಲೆಯಲ್ಲೂ ಮಕ್ಕಳು ತಮ್ಮ ವೇಗದಲ್ಲಿ ಪುಸ್ತಿಕೆಯಿಂದ ಪುಸ್ತಿಕೆಗೆ ಸಾಗುತ್ತಿದ್ದರು. ಬೆನ್ನಿ ಒಳ್ಳೆಯ ವಿದ್ಯಾರ್ಥಿ ಎಂದೇ ಎಲ್ಲರ ಅಭಿಪ್ರಾಯ. ಪರೀಕ್ಷೆಗಳಲ್ಲಿ ಪಾಸಾಗುತ್ತ ಮುಂದೆ ಹೋಗುತ್ತಿದ್ದ. ಎರ್ಲ್‌ವಾಂಗರ್ ಅವನೊಂದಿಗೆ ಕೂತು ಮಾತಾಡಿದಾಗ ಹತ್ತನೆಯ ಎರಡನ್ನು ದಶಮಾಂಶದಲ್ಲಿ ಬರೆದರೆ 1.2 ಆಗುತ್ತದೆ ಎಂದ. ಗಣಿತವೆಂದರೆ ಯಾರೋ ಮಾಡಿಟ್ಟ ನೂರಾರು ನಿಯಮಗಳ ರಾಶಿ, ಉತ್ತರದ ಪಟ್ಟಿಗೆ ಹೊಂದುವುದನ್ನು ಹುಡುಕುತ್ತ ಹೋಗುವುದೇ ಕೆಲಸ ಎಂದು ಅವನು ತಿಳಿದಿದ್ದ. ವರ್ಷಗಟ್ಟಲೆ ಇದು ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಅವನೊಂದಿಗೆ ಯಾರೂ ಲೆಕ್ಕದ ಬಗ್ಗೆ ಮಾತಾಡಿರಲಿಲ್ಲ. ಕಾರ್ಡು ಮುಗಿಸಿದ್ದೇ ಕಲಿತಂತೆ ಎಂದು ಪ್ರಗತಿ ನೋಟದಲ್ಲಿ ಗುರುತು ಹಾಕುವ ಒತ್ತಡ ಇರುವಲ್ಲಿ ನಮ್ಮ ನಲಿಕಲಿ ಕೋಣೆಯಲ್ಲೂ ಬೆನ್ನಿಗಳು ಬೆಳೆಯಬಹುದು. ಒಬ್ಬರೇ ಶಿಕ್ಷಕಿ ಐದು ಗುಂಪು ನಡೆಸುವಾಗ ಯಾವ ಗುಂಪಿನ ಬಳಿ ಕೂತು ಏನು ಕೇಳಬೇಕು ಎಂಬುದೇ ತರಬೇತಿಯ ಮುಖ್ಯ ಪಾಠವಾಗಬೇಕಿತ್ತು. ಕಾರ್ಡುಗಳ ಕ್ರಮ, ಲೋಗೋಗಳ ಗುರುತು, ದಾಖಲೆ ತುಂಬುವ ಬಗೆ ಇವುಗಳೇ ಹೆಚ್ಚಿನ ಜಾಗ ಹಿಡಿದವು ಎಂಬುದು ನನ್ನ ಅಭಿಪ್ರಾಯ.

ನಾಲ್ಕು ಮತ್ತು ಐದನೇ ತರಗತಿಗಾಗಿ ಬಂದದ್ದು ಗಣಿತ ಕಲಿಕಾ ಆಂದೋಲನ. ಬೆಂಗಳೂರಿನ ಅಕ್ಷರ ಫೌಂಡೇಷನ್ ಶಿಕ್ಷಣ ಇಲಾಖೆಯ ಜೊತೆ ಸೇರಿ ಹೈದರಾಬಾದ್ ಕರ್ನಾಟಕದ, ಅಂದರೆ ಇಂದಿನ ಕಲ್ಯಾಣ ಕರ್ನಾಟಕದ, ಆರು ಜಿಲ್ಲೆಗಳಲ್ಲಿ ಇದನ್ನು ಮೊದಲು ಹರಡಿತು, ಆಮೇಲೆ ರಾಜ್ಯವಿಡೀ ವಿಸ್ತರಿಸಿತು. ಶಾಲೆಗೊಂದು ಗಣಿತ ಕಿಟ್: ಮಣಿಗಳು, ಹತ್ತರ ಕಟ್ಟುಗಳು, ಸ್ಥಾನಬೆಲೆ ಹಾಸು, ಭಿನ್ನರಾಶಿ ಪಟ್ಟಿಗಳು, ಜಿಯೋಬೋರ್ಡ್, ಗಡಿಯಾರ, ಆಟದ ನೋಟು, ತಕ್ಕಡಿ. ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬುದು ಅದರ ಕ್ರಮ. ಇದರ ಜೊತೆಗೆ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳು ನಡೆದವು. ಊರ ಮಂದಿ ಸೇರಿ ಮಕ್ಕಳು ಲೆಕ್ಕ ಮಾಡುವುದನ್ನು ನೋಡುವುದು ಈ ಸೀಮೆಗೆ ಹೊಸದು. ಶಾಲೆಯೊಳಗೆ ಏನು ನಡೆಯುತ್ತದೆ ಎಂದು ಕೇಳುವ ಹಕ್ಕು ತಮಗಿದೆ ಎಂದು ಪಾಲಕರಿಗೆ ಅನ್ನಿಸುವುದು ಸಣ್ಣ ಸಂಗತಿಯಲ್ಲ.

ಕಿಟ್‌ನಿಂದ ಕಲಿಕೆ ಏರಿತೇ? ಆಂಡ್ರಿಯಾಸ್ ಡಿ ಬಾರೋಸ್, ಪಾಲ್ ಗ್ಲೆವ್ ಮತ್ತು ಸಂಗಡಿಗರು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆ ಆಧಾರಿತ ಗಣಿತ ಬೋಧನೆಯನ್ನು ಯಾದೃಚ್ಛಿಕ ಪ್ರಯೋಗದ ಮೂಲಕ ಪರೀಕ್ಷಿಸಿ ಅದರ ಮಿತಿಗಳ ಬಗ್ಗೆಯೇ ಬರೆದಿದ್ದಾರೆ: ಚಟುವಟಿಕೆಯೊಂದರಿಂದಲೇ ಮಕ್ಕಳ ಸರಾಸರಿ ಕಲಿಕೆ ನಿರೀಕ್ಷೆಯಂತೆ ಏರಲಿಲ್ಲ. ಇದನ್ನು ಓದಿ ಕಿಟ್ ದಂಡ ಎನ್ನುವುದು ಅವಸರ. ಇದೇ ಮಾತಿಗೆ ಹೊಂದುವ ಇನ್ನೊಂದು ಅಧ್ಯಯನ ದೆಹಲಿಯದು. ಪ್ರಥಮ್ ಸಂಸ್ಥೆಯ 214 ಶಾಲಾಪೂರ್ವ ಕೇಂದ್ರಗಳಲ್ಲಿ ಮಕ್ಕಳಿಗೆ ಸಂಖ್ಯೆ ಮತ್ತು ಆಕಾರದ ಆಟಗಳನ್ನು ಆಡಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಕಣ್ಣಳತೆಯಲ್ಲಿ ಗುರುತಿಸುವ ಶಕ್ತಿ ಮಕ್ಕಳಲ್ಲಿ ಬೆಳೆಯಿತು, ವರ್ಷ ಕಳೆದರೂ ಉಳಿಯಿತು. ಆದರೆ ಒಂದನೇ ತರಗತಿಯ ಶಾಲಾ ಗಣಿತಕ್ಕೆ ಅದು ಹರಿದು ಬರಲಿಲ್ಲ. ಆಟದಿಂದ ಅಂಕಿಗೆ ಸೇತುವೆಯನ್ನು ಯಾರಾದರೂ ಕಟ್ಟಬೇಕು. ಅಮೆರಿಕದ ಡೆಬೊರಾ ಬಾಲ್ ಸ್ವತಃ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಲೇ ಸಂಶೋಧನೆ ಮಾಡಿದವರು. ಸಾಮಗ್ರಿಗಳಲ್ಲಿ ಮಾಯೆಯಿದೆ ಎಂಬ ಆಸೆಯ ಬಗ್ಗೆ 1992ರಲ್ಲೇ ಎಚ್ಚರಿಸಿದ್ದರು. ಹತ್ತರ ಕಟ್ಟನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ಹತ್ತು ಎಂಬ ಕಲ್ಪನೆ ಬೆರಳಿನಿಂದ ತಲೆಗೆ ಏರುವುದಿಲ್ಲ. ಕಟ್ಟನ್ನು ಬಿಚ್ಚಿ ಹತ್ತು ಬಿಡಿಗಳನ್ನಾಗಿ ಹರಡುವ ಆ ಗಳಿಗೆಯಲ್ಲಿ, 52ರ ಐದು ದಶಕಗಳು ನಾಲ್ಕಾಗಿ ಎರಡು ಬಿಡಿಗಳು ಹನ್ನೆರಡಾಗುವುದನ್ನು ಮಗು ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನೇ ಹಲಗೆಯ ಮೇಲೆ ಅಂಕಿಯಲ್ಲಿ ಬರೆಯಬೇಕು. ಆ ಸಂಭಾಷಣೆ ಇಲ್ಲದಿದ್ದರೆ ಕಿಟ್ ಕಪಾಟಿನಲ್ಲಿದ್ದರೂ ಒಂದೇ, ತಟ್ಟೆಯ ಮೇಲಿದ್ದರೂ ಒಂದೇ.

ಇಲ್ಲಿ ಈ ಸೀಮೆಯ ಮಕ್ಕಳ ಇನ್ನೊಂದು ಶಕ್ತಿಯನ್ನು ನೆನೆಯಬೇಕು. ಹತ್ತಿ ಹೊಲದ ಕೂಲಿ ಕೆಜಿ ಲೆಕ್ಕದಲ್ಲಿ. ಸಂಜೆ ತಕ್ಕಡಿಗೆ ಹಾಕಿದಾಗ 35 ಕೆಜಿ ಬಂದು, ಕೆಜಿಗೆ 12 ರೂಪಾಯಿ ಎಂದರೆ ಹೊಲಕ್ಕೆ ಹೋಗಿ ಬರುವ ಹುಡುಗಿ ಹೀಗೆ ಲೆಕ್ಕ ಹಾಕಿಯಾಳು: ಹತ್ತು ಕೆಜಿಗೆ 120, ಮೂವತ್ತಕ್ಕೆ 360, ಐದಕ್ಕೆ 120ರ ಅರ್ಧ 60, ಒಟ್ಟು 420. ಮಾನ್ವಿ ಕಡೆಯ ಭತ್ತದ ಗದ್ದೆಯಲ್ಲಿ 75 ಕೆಜಿಯ ಚೀಲದ ಲೆಕ್ಕ: ನಾಲ್ಕು ಚೀಲಕ್ಕೆ ಮೂರು ಕ್ವಿಂಟಲ್, ಎಂಟಕ್ಕೆ ಆರು. ಎಕರೆಗೆ 40 ಗುಂಟೆ ಎಂಬುದು ಮನೆಯಲ್ಲೇ ಕಲಿತ ಪಾಠ. ಇದೆಲ್ಲ ವಿಭಾಜಕ ನಿಯಮ, ಅನುಪಾತ, ಪರಿವರ್ತನೆ. ಪಠ್ಯಪುಸ್ತಕದಲ್ಲಿ ಇವುಗಳಿಗೆ ಬೇರೆ ಬೇರೆ ಅಧ್ಯಾಯಗಳಿವೆ. ಅದೇ ಹುಡುಗಿಗೆ ಹಲಗೆಯ ಮೇಲೆ 35 ಗುಣಿಸು 12 ಎಂದು ಬರೆದು ಕೊಟ್ಟರೆ ಎರಡನೆಯ ಸಾಲನ್ನು ಒಂದು ಸ್ಥಾನ ಎಡಕ್ಕೆ ಸರಿಸುವುದನ್ನು ಮರೆತು 105 ಎಂದು ಬರೆದುಬಿಡಬಹುದು.

ಇದು ಊಹೆಯ ಮಾತಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ತೆರೆಸಿನ್ಹಾ ಕರಾಹೆರ್ ಮತ್ತು ಸಂಗಡಿಗರು ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಐದು ಮಕ್ಕಳ ಲೆಕ್ಕವನ್ನು ಅಭ್ಯಸಿಸಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ಶೇ 98ರಷ್ಟು ಸರಿ ಉತ್ತರ ಕೊಟ್ಟರು. ಅವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಕಾಗದದ ಮೇಲೆ ಕೊಟ್ಟಾಗ ಶೇ 37. ನಲವತ್ತು ವರ್ಷದ ಮೇಲೆ, 2025ರ ಆರಂಭದಲ್ಲಿ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕೆ ಮತ್ತಿತರರು ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಸಾವಿರದ ನಾನೂರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಅಧ್ಯಯನ 'ನೇಚರ್' ಪತ್ರಿಕೆಯಲ್ಲಿ ಬಂತು. ಅಲ್ಲೂ ಅದೇ ಅಂತರ. ಅದರ ಜೊತೆಗೆ ಇನ್ನೊಂದು ವಿಷಯ: ಸಂತೆಯ ಅನುಭವವಿಲ್ಲದ ಶಾಲಾ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರೂ ಕೊಡುಕೊಳ್ಳುವ ಲೆಕ್ಕದಲ್ಲಿ ಸೋತರು. ಒಂದು ಕಡೆಯ ಜ್ಞಾನ ಇನ್ನೊಂದು ಕಡೆಗೆ ತಾನಾಗಿ ದಾಟುವುದಿಲ್ಲ, ಎರಡೂ ದಿಕ್ಕಿನಲ್ಲಿ. ಬಾಲಕಾರ್ಮಿಕ ಪದ್ಧತಿಯನ್ನು ಇದರಿಂದ ಯಾರೂ ಸಮರ್ಥಿಸಬಾರದು. ಹತ್ತಿ ಹೊಲ ಶಾಲೆಯಿಂದ ಮಕ್ಕಳನ್ನು ಕಸಿದುಕೊಂಡಿರುವುದು ಈ ಜಿಲ್ಲೆಯ ನೋವಿನ ಕಥೆ. ಆದರೆ ಆ ಮಗು ಶಾಲೆಗೆ ಬಂದಾಗ ಅದಕ್ಕೆ ಏನೂ ಬಾರದು ಎಂದು ತೀರ್ಮಾನಿಸುವುದು ಎರಡನೆಯ ಅನ್ಯಾಯ. "ನೀನು ಹೇಗೆ ಲೆಕ್ಕ ಹಾಕಿದಿ, ಹೇಳವ್ವ" ಎಂದು ಅಕ್ಕೋರು ಕೇಳಿದರೆ, ಅವಳು ಹೇಳಿದ ಹತ್ತು, ಮೂವತ್ತು, ಅರ್ಧ ಎಂಬ ದಾರಿಯನ್ನೇ ಹಲಗೆಯ ಮೇಲೆ ಬರೆದು ತೋರಿಸಿದರೆ, ಗುಣಾಕಾರದ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಇದಕ್ಕೆ ಶಿಕ್ಷಕರಿಗೆ ಬೇಕಾದ ಗಣಿತ ಎಂಥದು? ಡಿಗ್ರಿಯ ಕ್ಯಾಲ್ಕುಲಸ್ ಅಲ್ಲ. ಲಿಪಿಂಗ್ ಮಾ 1999ರ ತಮ್ಮ ಪುಸ್ತಕದಲ್ಲಿ ಹೋಲಿಸಿದ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರಿಗೆ ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಎಂದು ಕೇಳಲಾಗಿತ್ತು. ಜೊತೆಗೆ ಅದಕ್ಕೊಂದು ಸನ್ನಿವೇಶ ಕಟ್ಟಿ ಎಂದೂ ಹೇಳಲಾಗಿತ್ತು. ಚೀನಾದ ಎಲ್ಲರೂ ಸರಿಯಾಗಿ ಭಾಗಿಸಿದರು, ಅಮೆರಿಕದವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ. ಸನ್ನಿವೇಶ ಕಟ್ಟುವುದರಲ್ಲಿ ಅಂತರ ಇನ್ನೂ ಹೆಚ್ಚು. ವಿಶೇಷವೆಂದರೆ ಆ ಚೀನೀ ಶಿಕ್ಷಕರ ಔಪಚಾರಿಕ ಓದು ಅಮೆರಿಕದವರಿಗಿಂತ ಕಡಿಮೆ. ತಾವು ಕಲಿಸುವ ಪಾಠವನ್ನು ಸಹೋದ್ಯೋಗಿಗಳೊಂದಿಗೆ ಕೂತು ವರ್ಷಾನುಗಟ್ಟಲೆ ಚರ್ಚಿಸಿದ್ದರಿಂದ ಅವರಿಗೆ ಆ ಆಳ ದಕ್ಕಿತ್ತು. ಲೀ ಶುಲ್ಮನ್ 1986ರಲ್ಲಿ ಗುರುತಿಸಿದ ಬೋಧಕ ಜ್ಞಾನ ಇದೇ: ವಿಷಯ ಗೊತ್ತಿರುವುದು ಬೇರೆ, ಅದು ಮಗುವಿಗೆ ಎಲ್ಲಿ ತೊಡಕಾಗುತ್ತದೆ, ಯಾವ ಉದಾಹರಣೆಯಿಂದ ಸಲೀಸಾಗುತ್ತದೆ ಎಂದು ಗೊತ್ತಿರುವುದು ಬೇರೆ. ಹೆದರ್ ಹಿಲ್, ಬ್ರಯನ್ ರೋವನ್, ಡೆಬೊರಾ ಬಾಲ್ 2005ರಲ್ಲಿ ಇದನ್ನು ಅಳೆದು, ಈ ಬಗೆಯ ಜ್ಞಾನ ಹೆಚ್ಚಿದ್ದ ಶಿಕ್ಷಕರ ಒಂದನೇ ಮತ್ತು ಮೂರನೇ ತರಗತಿಯ ಮಕ್ಕಳು ಹೆಚ್ಚು ಕಲಿತದ್ದನ್ನು ತೋರಿಸಿದರು. ನಮ್ಮಲ್ಲಿ 1974ರಲ್ಲಿ ಶುರುವಾದ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೇ ದಾರಿಯಲ್ಲಿ, ವಿಶೇಷವಾಗಿ ಭಿನ್ನರಾಶಿ ಕಲಿಸುವ ಬಗ್ಗೆ ಮತ್ತು ಶಿಕ್ಷಕರ ನಂಬಿಕೆಗಳು ಬದಲಾಗುವ ಬಗ್ಗೆ ಕೆಲಸ ಮಾಡಿದೆ.

ಭಿನ್ನರಾಶಿಯ ಮಾತು ಬಂದಾಗ ಕಲಬುರಗಿ ಜಿಲ್ಲೆಯ ಮಳಖೇಡವನ್ನು ನೆನೆಯದಿರುವುದು ಕಷ್ಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಬೇರೆ ಬೇರೆ ಛೇದಗಳ ಭಿನ್ನರಾಶಿಗಳನ್ನು ಕೂಡಿಸಲು ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮ ಅದರಲ್ಲಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಹೇಳಬಲ್ಲ ಅಜ್ಜಂದಿರು ಇತ್ತೀಚಿನವರೆಗೂ ಇದ್ದರು. ಅಭಿಮಾನಕ್ಕಷ್ಟೇ ಇದನ್ನು ಹೇಳುತ್ತಿಲ್ಲ. ಅಳತೆ, ಹಂಚಿಕೆ, ವ್ಯಾಪಾರದಿಂದ ಗಣಿತವನ್ನು ಎತ್ತಿಕೊಳ್ಳುವ ಆ ದಾರಿಯಿಂದ ತರಬೇತಿಗೆ ಒದಗುವ ಉದಾಹರಣೆಗಳು ಬೇಕಾದಷ್ಟಿವೆ.

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ಕ್ಕಾಗಿ ಆರ್. ರಾಮಾನುಜಂ ಅಧ್ಯಕ್ಷತೆಯ ಗುಂಪು ಸಿದ್ಧಪಡಿಸಿದ ಗಣಿತ ಬೋಧನೆಯ ನಿಲುವು ಪತ್ರ ನಾಲ್ಕು ರೋಗಗಳನ್ನು ಹೆಸರಿಸಿತ್ತು. ಮಕ್ಕಳಲ್ಲಿ ಭಯ ಮತ್ತು ಸೋಲಿನ ಭಾವ, ಜಾಣರಿಗೂ ಉಳಿದವರಿಗೂ ನಿರಾಸೆ ತರುವ ಪಠ್ಯಕ್ರಮ, ಒರಟು ಮೌಲ್ಯಮಾಪನ, ಸಾಲದ ಶಿಕ್ಷಕ ಸಿದ್ಧತೆ. ಇಪ್ಪತ್ತು ವರ್ಷವಾಯಿತು. ನಾಲ್ಕನೆಯದನ್ನು ಸರಿಪಡಿಸದೆ ಮೊದಲ ಮೂರು ಸರಿಹೋಗುವುದಿಲ್ಲ ಎಂಬುದು ಈಗ ಇನ್ನೂ ಸ್ಪಷ್ಟ. ದೇಶದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 30.7 ಎಂದು ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಹೇಳಿತು. 2018ಕ್ಕಿಂತ ಸ್ವಲ್ಪ ಮೇಲು, ಆದರೂ ಹತ್ತರಲ್ಲಿ ಏಳು ಮಕ್ಕಳಿಗೆ ಬಾರದು.

ತರಬೇತಿಯ ಬಗ್ಗೆ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವ ಪ್ರಯೋಗ ವಿಸ್ಕಾನ್ಸಿನ್‌ನದು. ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಸಂಗಡಿಗರು ಒಂದನೇ ತರಗತಿಯ 40 ಶಿಕ್ಷಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಸಿಗೆಯಲ್ಲಿ ನಾಲ್ಕು ವಾರದ ತರಬೇತಿ. ಅಲ್ಲಿ ಪಾಠಯೋಜನೆ ಕೊಡಲಿಲ್ಲ, ಹೀಗೇ ಕಲಿಸಿ ಎಂದೂ ಹೇಳಲಿಲ್ಲ. ಕೂಡುವ, ಕಳೆಯುವ ಮಾತಿನ ಲೆಕ್ಕಗಳನ್ನು ಚಿಕ್ಕ ಮಕ್ಕಳು ಯಾವ ಯಾವ ದಾರಿಯಲ್ಲಿ ಬಿಡಿಸುತ್ತಾರೆ ಎಂಬ ಸಂಶೋಧನೆಯನ್ನು ಮಾತ್ರ ಅವರ ಮುಂದಿಟ್ಟರು. ಮಕ್ಕಳು ಲೆಕ್ಕ ಬಿಡಿಸುವುದನ್ನು ನೋಡಿದರು, ಚರ್ಚಿಸಿದರು, ತಮ್ಮ ತರಗತಿಗೆ ಏನು ಮಾಡಬೇಕೆಂದು ತಾವೇ ಯೋಚಿಸಿದರು. 1989ರ ವರದಿಯ ಪ್ರಕಾರ ಆ ಶಿಕ್ಷಕರು ತರಗತಿಯಲ್ಲಿ ಮಕ್ಕಳ ಮಾತನ್ನು ಹೆಚ್ಚು ಕೇಳತೊಡಗಿದರು, ಸಮಸ್ಯೆ ಬಿಡಿಸಲು ಹೆಚ್ಚು ಹೊತ್ತು ಕೊಟ್ಟರು, ಬಾಯಿಪಾಠಕ್ಕೆ ಕಡಿಮೆ ಕೊಟ್ಟರು. ಆದರೂ ಅವರ ಮಕ್ಕಳು ಬಾಯಿಲೆಕ್ಕದಲ್ಲಿ ಹಿಂದೆ ಬೀಳಲಿಲ್ಲ. ಮಗ್ಗಿ ಬಿಟ್ಟರೆ ಗತಿಯೇನು ಎಂಬ ನಮ್ಮ ಪಾಲಕರ, ಶಿಕ್ಷಕರ ನ್ಯಾಯವಾದ ಆತಂಕಕ್ಕೆ ಇಲ್ಲೊಂದು ಉತ್ತರವಿದೆ.

ನಮ್ಮ ತರಬೇತಿಯ ಹರಿವು ಬೇರೆ ಬಗೆಯದು. ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಲ್ಲಿ (ಡಿಎಸ್‌ಇಆರ್‌ಟಿ) ಸಿದ್ಧವಾದದ್ದು ರಾಜ್ಯ ಸಂಪನ್ಮೂಲ ವ್ಯಕ್ತಿಗಳಿಗೆ, ಅವರಿಂದ ಡಯಟ್‌ಗೆ, ಅಲ್ಲಿಂದ ತಾಲ್ಲೂಕಿಗೆ, ಕೊನೆಗೆ ಶಿಕ್ಷಕರಿಗೆ. ಮೆಟ್ಟಿಲು ಇಳಿದಂತೆ ವಿಷಯ ತೆಳುವಾಗುತ್ತದೆ. ಪ್ರಶ್ನೆಗಳು ಮೇಲಕ್ಕೆ ಏರುವ ದಾರಿಯಂತೂ ಇಲ್ಲವೇ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಜಾಕೋಬಸ್ ಸಿಲಿಯರ್ಸ್ ಮತ್ತಿತರರು ಓದು ಕಲಿಸುವ ಶಿಕ್ಷಕರಲ್ಲಿ ಎರಡು ಬಗೆಯ ತರಬೇತಿಯನ್ನು ಹೋಲಿಸಿದರು: ಒಂದು ಕಡೆ ಸೇರಿಸಿ ನಡೆಸುವುದು, ಮತ್ತು ತರಗತಿಗೇ ಹೋಗಿ ಜೊತೆಗಿದ್ದು ಹೇಳಿಕೊಡುವುದು. ಎರಡನೆಯದರ ಪರಿಣಾಮ ಮೊದಲನೆಯದಕ್ಕಿಂತ ಸುಮಾರು ಎರಡು ಪಟ್ಟು. ಬಿಹಾರದಲ್ಲಿ ಪ್ರಥಮ್ ಜೊತೆ ನಡೆದ ಪ್ರಯೋಗಗಳ ಪಾಠವೂ ಗಂಭೀರ. ಬೇಸಿಗೆ ಶಿಬಿರದಲ್ಲಿ ಸರ್ಕಾರಿ ಶಿಕ್ಷಕರೇ ಮಕ್ಕಳ ಮಟ್ಟಕ್ಕೆ ತಕ್ಕಂತೆ ಕಲಿಸಿ ಫಲ ಕಂಡರು. ಶಾಲೆ ಶುರುವಾದ ಮೇಲೆ ಬರೀ ತರಬೇತಿ ಮತ್ತು ಸಾಮಗ್ರಿಯಿಂದ ಆ ಫಲ ಬರಲಿಲ್ಲ. ಸಿಲಬಸ್ ಮುಗಿಸುವ ಒತ್ತಡ ಅವರನ್ನು ಹಳೆಯ ಹಾದಿಗೆ ಎಳೆದಿತ್ತು. ಅಂದರೆ ಶಿಕ್ಷಕರಿಗೆ ಬಾರದು ಎಂಬುದಕ್ಕಿಂತ ಅವರನ್ನು ಬಿಡುವುದಿಲ್ಲ ಎಂಬುದೇ ಎಷ್ಟೋ ಕಡೆ ನಿಜ.

ಭಾಷೆಯ ವಿಷಯ ಒಂದಿಷ್ಟು. ಕನ್ನಡದ ಸಂಖ್ಯಾಪದಗಳು ಸ್ಥಾನಬೆಲೆ ಕಲಿಸಲು ಅನುಕೂಲವಾಗಿವೆ: ಇಪ್ಪತ್ತು, ಒಂಬತ್ತು ಸೇರಿ ಇಪ್ಪತ್ತೊಂಬತ್ತು. ಉರ್ದು ಮಾತಿನ ಮನೆಯ ಮಗುವಿಗೆ ಅದೇ ಸಂಖ್ಯೆ ಉಂತೀಸ್, ಮೂವತ್ತಕ್ಕೆ ಒಂದು ಕಡಿಮೆ ಎಂಬ ರಚನೆ. ರಾಯಚೂರು ತಾಲ್ಲೂಕಿನ ಗಡಿಯ ಊರುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಒಂದೇ ಕೋಣೆಯಲ್ಲಿ ಮೂರು ಬಗೆಯ ಎಣಿಕೆ ಇರುವಾಗ ತಪ್ಪುಗಳೂ ಬೇರೆ ಬೇರೆ ಬಗೆಯಲ್ಲಿ ಹುಟ್ಟುತ್ತವೆ. ರಾಜ್ಯಕ್ಕೆಲ್ಲ ಒಂದೇ ಕೈಪಿಡಿ ಇದನ್ನು ಊಹಿಸಲಾರದು, ಇಲ್ಲಿಯ ಶಿಕ್ಷಕರೇ ಇದನ್ನು ದಾಖಲಿಸಬೇಕು.

ದಾಖಲಿಸುವ ಜಾಗ ಈಗಾಗಲೇ ಇದೆ. ತಿಂಗಳಿಗೊಮ್ಮೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ನಡೆಯುತ್ತದೆ. ಸುತ್ತೋಲೆ ಓದುವುದು, ಅಂಕಿಅಂಶ ತುಂಬಿಸಿಕೊಳ್ಳುವುದು, ಬಿಸಿಯೂಟದ ಲೆಕ್ಕ ಕೇಳುವುದರಲ್ಲಿ ಆ ದಿನ ಮುಗಿದುಹೋಗಬಾರದು. ಪ್ರತಿ ಶಾಲೆಯಿಂದ ಒಂದು ಲೆಕ್ಕಕ್ಕೆ ಮಕ್ಕಳು ಬರೆದ ಹತ್ತು ಉತ್ತರಗಳು ಮೇಜಿನ ಮೇಲೆ ಬರಲಿ. ಮಗು ಯಾವ ನಿಯಮದಿಂದ ಈ ಉತ್ತರಕ್ಕೆ ಬಂತು, ನಾಳೆ ಅದಕ್ಕೆ ಯಾವ ಪ್ರಶ್ನೆ ಕೇಳಬೇಕು ಎಂದು ಎರಡು ಗಂಟೆ ಚರ್ಚೆಯಾಗಲಿ. ಜಪಾನಿನ ಶಿಕ್ಷಕರು ಒಂದು ಪಾಠವನ್ನು ಕೂಡಿ ಯೋಜಿಸಿ, ಒಬ್ಬರು ಕಲಿಸುವುದನ್ನು ಉಳಿದವರು ನೋಡಿ, ಮತ್ತೆ ತಿದ್ದುವ ಪಾಠ ಅಧ್ಯಯನದ ತಿರುಳೂ ಇದೇ. ಸಮೂಹ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ತಪಾಸಣೆಯ ನಮೂನೆ ಹಿಡಿದು ಬರುವ ಬದಲು ಆ ಚರ್ಚೆಯ ಮುಂದುವರಿಕೆಯಾಗಿ ತರಗತಿಗೆ ಬರಲಿ. ಯರಮರಸ್‌ನ ಡಯಟ್ ಈ ಉತ್ತರಗಳನ್ನು ಕೂಡಿಹಾಕಿದರೆ ಎರಡು ವರ್ಷದಲ್ಲಿ ರಾಯಚೂರಿನ ಮಕ್ಕಳ ಗಣಿತ ಚಿಂತನೆಯ ಬಗ್ಗೆ ಈ ಜಿಲ್ಲೆಯ ಶಿಕ್ಷಕರೇ ಬರೆದ ಸಂಶೋಧನೆ ನಮ್ಮ ಕೈಗೆ ಬರುತ್ತದೆ. ಶಿಕ್ಷಕರಾಗಲು ಓದುತ್ತಿರುವ ಡಿ.ಇಎಲ್.ಇಡಿ. ವಿದ್ಯಾರ್ಥಿಗಳಿಗೆ ಅದೇ ಪಠ್ಯವಾಗಬಹುದು.

ಇದೆಲ್ಲಕ್ಕೂ ಮೊದಲು ಶಿಕ್ಷಕರು ಇರಬೇಕು, ಇದ್ದವರು ಉಳಿಯಬೇಕು. ದಕ್ಷಿಣದ ಜಿಲ್ಲೆಗಳಿಂದ ನೇಮಕವಾಗಿ ಬಂದವರು ವರ್ಗಾವಣೆಗೆ ಕಾಯುತ್ತ ದಿನ ಎಣಿಸಿದ್ದನ್ನು ಈ ತಾಲ್ಲೂಕುಗಳು ಕಂಡಿವೆ. ಅವರು ಕಲಿತ ತರಬೇತಿಯೂ ಅವರ ಜೊತೆಗೇ ಬಸ್ಸು ಹತ್ತಿತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸ್ಥಳೀಯ ಅಭ್ಯರ್ಥಿಗಳಿಗೆ ಹುದ್ದೆಗಳು ಮೀಸಲಾದವು. 2022ರಲ್ಲಿ ಕರೆದ ಹದಿನೈದು ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ ಐದು ಸಾವಿರ ಕಲ್ಯಾಣ ಕರ್ನಾಟಕಕ್ಕಿದ್ದವು. ಹೀಗೆ ಬಂದವರು ಈ ನೆಲದವರು, ಇಲ್ಲೇ ಮೂವತ್ತು ವರ್ಷ ಕಲಿಸುವವರು. ಅವರ ಮೇಲೆ ಹೂಡಿದ ತರಬೇತಿ ಊರಲ್ಲೇ ಉಳಿಯುತ್ತದೆ. ಇನ್ನು ಖಾಲಿ ಹುದ್ದೆಯನ್ನು ತುಂಬುವ ಅತಿಥಿ ಶಿಕ್ಷಕರು. ತರಬೇತಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಅವರ ಹೆಸರಿರುವುದಿಲ್ಲ, ಮಾರ್ಚ್ ಮುಗಿದರೆ ಶಾಲೆಯ ಜೊತೆ ಅವರ ಸಂಬಂಧವೂ ಮುಗಿಯುತ್ತದೆ. ಆದರೆ ದೇವದುರ್ಗದ ಎಷ್ಟೋ ತರಗತಿಗಳಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಿರುವವರು ಅವರೇ. ಸಮಾಲೋಚನಾ ಸಭೆಯ ಕುರ್ಚಿಯಲ್ಲಿ ಅವರಿಗೂ ಜಾಗ ಕೊಡಲು, ಆ ದಿನದ ಗೌರವಧನವನ್ನು ಕಡಿಯದೆ ಕೊಡಲು ಹೊಸ ಯೋಜನೆ ಬೇಕಿಲ್ಲ, ಒಂದು ಆದೇಶ ಸಾಕು. ಅದು ಈ ಶೈಕ್ಷಣಿಕ ವರ್ಷದಲ್ಲೇ ಹೊರಡಬಹುದು.